ಮಾತಾಡುವ ಮಂಡಾಳು

ಈ ಹೊತ್ತು ಬೆಳಿಗ್ಗೆ ಚಶ್ಮಾ ಹುಡುಕುತ್ತ ಅಂಗಿಯ ಜೇಬಿಗೆ ಕೈ ಹಾಕಿದೆ. ಚಶ್ಮಾ ಸಿಗಲಿಲ್ಲ, ಒಂದು ಮಂಡಾಳು ಸಿಕ್ಕಿತು. ಒಂದೇ ಒಂದು ಕಾಳು. ಮೈಯೆಲ್ಲ ಅರಿಷಿಣ, ಒಂದು ಮಗ್ಗುಲಲ್ಲಿ ಮಾತ್ರ ಖಾರದ ಪುಡಿಯ ಕೆಂಪು ಚುಕ್ಕಿ. ನೀವು ಮಂಡಕ್ಕಿ ಅನ್ನುತ್ತೀರೋ, ಚುರುಮುರಿ ಅನ್ನುತ್ತೀರೋ, ಪುರಿ ಅನ್ನುತ್ತೀರೋ ನನಗೆ ಗೊತ್ತಿಲ್ಲ; ನಮ್ಮ ಹೊಸಪೇಟೆ ಕಡೆ ಅದು ಮಂಡಾಳು. ಮೊನ್ನೆ ಒಗ್ಗರಣೆ ಕೊಟ್ಟು ಡಬ್ಬಿ ತುಂಬುವಾಗ ಒಂದು ಹಿಡಿ ಹೇಗೋ ಜೇಬಿಗೆ ಹೋಗಿದೆ. ಹೇಗೋ ಏನು, ನಾನೇ ಹಾಕಿಕೊಂಡಿದ್ದೇನೆ. ಮನೆಯ ಯಜಮಾನ ತನ್ನ ಮನೆಯ ಡಬ್ಬಿಯಿಂದಲೇ ಕದ್ದು ತಿನ್ನುವ ರುಚಿ ನಿಮಗೂ ಗೊತ್ತಿದ್ದೀತು.

ಮಂಡಾಳು ಸಿಕ್ಕರೆ ಎಲ್ಲರ ಕೈ ಬಾಯಿಗೆ ಹೋಗುತ್ತದೆ. ನನ್ನ ಕೈ ಮೊದಲು ಕಿವಿಗೆ ಹೋಗುತ್ತದೆ. ಎರಡು ಬೆರಳ ನಡುವೆ ಹಿಡಿದು, ಕಿವಿಯ ಹತ್ತಿರ ತಂದು ಮೆಲ್ಲಗೆ ಅಮುಕಿದೆ. ಏನೂ ಕೇಳಿಸಲಿಲ್ಲ. ಎಡಗಿವಿ ಬಿಟ್ಟು ಬಲಗಿವಿಗೆ ಹಿಡಿದೆ. ಅಲ್ಲೂ ಏನಿಲ್ಲ. ಈಗ ಮಂಡಾಳು ಮೆತ್ತಗಾಗಿದೆಯೋ, ನನ್ನ ಕಿವಿ ಮೆತ್ತಗಾಗಿದೆಯೋ? ಇನ್ನಷ್ಟು ಅಮುಕಿದರೆ ಗೊತ್ತಾಗುತ್ತಿತ್ತು. ಆದರೆ ಇರುವುದು ಒಂದೇ. ಮುರಿದರೆ ಸಾಕ್ಷಿಯೇ ಹೋಯಿತು. ಅದನ್ನು ಒಂದು ಬಟ್ಟಲಲ್ಲಿಟ್ಟು ಕೂತಿದ್ದೇನೆ. ಇಂಥದ್ದಕ್ಕೆ ತೀರ್ಪು ಕೊಡುವ ದೊಡ್ಡವರೊಬ್ಬರು ನಮ್ಮ ಮನೆಯಲ್ಲಿದ್ದಾರೆ. ಅವರಿನ್ನೂ ಎದ್ದಿಲ್ಲ.

ಅವರೆಂದರೆ ನನ್ನ ಮೊಮ್ಮಗಳು. ಪಂಪಾವತಿ ಅಂತ ಹೆಸರು, ಕರೆಯುವುದು ಪಂಪಿ. ಹುಟ್ಟುವಾಗಲೇ ಆಕೆಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಅಂಥ ಕೂಸು ಮಂಡಾಳಿನ ಸಪ್ಪಳಕ್ಕೆ ತೀರ್ಪು ಕೊಡುವುದು ಹೇಗೆ ಅನ್ನುತ್ತೀರಾ? ನಾನೂ ಅದನ್ನೇ ನೆನೆದು ನೆನೆದು ಮೈ ಜುಮ್ಮೆನ್ನಿಸಿಕೊಳ್ಳುತ್ತಿದ್ದೇನೆ. ಆಕೆ ಏಳುವವರೆಗೆ ನಿಮ್ಮೊಡನೆ ಮಾತಾಡುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಬರೆದದ್ದೆಲ್ಲ ಲಾರಿಯ ಟ್ರಿಪ್ ಚೀಟಿ. ಅಕ್ಷರ ಹೆಚ್ಚುಕಡಿಮೆಯಾದರೆ ಸರಿ ಮಾಡಿಕೊಳ್ಳಿ.

ಕಿವಿಗೆ ಹಿಡಿಯುವ ಚಾಳಿ ನಮ್ಮ ಅವ್ವನದು. ಆಕೆ ಪಾಪಿನಾಯಕನಹಳ್ಳಿಯ ಒಣ ನೆಲದಲ್ಲಿ ಹುಟ್ಟಿ, ಮದುವೆಯಾಗಿ ಬುಕ್ಕಸಾಗರದ ಹಸಿ ನೆಲಕ್ಕೆ ಬಂದವಳು. ಬುಕ್ಕಸಾಗರ ಅಂದರೆ ಒಂದು ಕಡೆ ಹೊಳೆ, ಸುತ್ತಲೂ ಭತ್ತದ ಗದ್ದೆ, ನಡುವೆ ಕಾಲುವೆ. ಅಲ್ಲಿನ ಗಾಳಿಯನ್ನು ಹಿಂಡಿದರೆ ಒಂದು ಲೋಟ ನೀರು ಬರುತ್ತಿತ್ತು. ಅವ್ವನ ತವರಿನಿಂದ ಬಂದ ಗರಿಗರಿ ಮಂಡಾಳು ನಮ್ಮ ಹೊಸ್ತಿಲು ದಾಟುವುದರೊಳಗೆ ಮೆತ್ತಗಾಗುತ್ತಿತ್ತು. ಆಕೆಗೆ ಅತ್ತೆಯ ಕಾಟಕ್ಕಿಂತ ಈ ತೇವದ ಕಾಟ ದೊಡ್ಡದು. "ಈ ಊರಾಗ ಉಪ್ಪು ಅಳತೈತಿ, ಮಂಡಾಳು ಮೂಕಾಗತಾವ," ಅನ್ನುತ್ತಿದ್ದಳು.

ಮೂಕ. ಅದು ನಮ್ಮ ಮನೆಯ ಮಾತು, ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ನಮ್ಮಲ್ಲಿ ಮಂಡಾಳು ಗರಿಗರಿಯಾಗಿದ್ದರೆ ಮಾತಾಡುತ್ತದೆ, ಮೆತ್ತಗಾದರೆ ಮೂಕಾಗುತ್ತದೆ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಅವ್ವ ಮನೆಮಂದಿಯ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು "ಶ್!" ಅನ್ನುತ್ತಿದ್ದಳು. ಅಪ್ಪನೂ ಕೆಮ್ಮು ನುಂಗಿಕೊಳ್ಳಬೇಕು. ಆಮೇಲೆ ಒಂದು ಹಿಡಿ ನನ್ನ ಕಿವಿಗೆ ತಂದು ಅಮುಕುತ್ತಿದ್ದಳು.

"ಏನಂತಾವಲೇ?"

"ಏನೂ ಅನ್ನವಲ್ವು ಯವ್ವಾ."

"ಮೂಕಾಗ್ಯಾವ. ಆಗಲಿ ಬಿಡು, ಮಾಳಿಗಿ ಮ್ಯಾಲೆ ಬಿಸಿಲಿಗೆ ಹಾಕಿ ಬಾ. ಬಿಸಿಲು ಕುಡದ್ರ ಮತ್ತ ಮಾತಾಡ್ತಾವ."

ನಾನು ಹಳೆಯ ಸೀರೆಯ ತುಂಡಿನ ಮೇಲೆ ಹರವಿ ಗುಬ್ಬಿ ಕಾಯುತ್ತ ಕೂಡುತ್ತಿದ್ದೆ. ಗುಬ್ಬಿಗಿಂತ ಕಾಯುವವನೇ ಹೆಚ್ಚು ತಿನ್ನುತ್ತಿದ್ದ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಮಂಡಾಳಿಗೆ ಮಾತು ಬಂದಿರುತ್ತಿತ್ತು. ಒಂದು ಹಿಡಿ ಅಮುಕಿದರೆ ಕರಕರ ಕರಕರ, ಒಣ ಎಲೆಗಳ ಮೇಲೆ ಓತಿಕ್ಯಾತ ಓಡಿದಂತೆ.

ನಮ್ಮೂರಿಂದ ಹಂಪಿಗೆ ನಡೆದೇ ಹೋಗುತ್ತಿದ್ದೆವು. ಅಲ್ಲಿ ಗುಡಿಯ ಕಲ್ಲಿನ ಕಂಬ ನುಡಿಯುತ್ತದೆ ಅಂತ ದೂರದೂರದ ಜನ ಬರುತ್ತಾರೆ. ಸಣ್ಣವನಿದ್ದಾಗ ನಾನೂ ತಟ್ಟಿ ನೋಡಿದ್ದೇನೆ. ಈಗ ಮುಟ್ಟಗೊಡುವುದಿಲ್ಲ, ಒಳ್ಳೆಯದೇ. ತಟ್ಟಿದಾಗ ಕಂಬ ನುಡಿಯಿತು, ಸುಳ್ಳಲ್ಲ. ಆದರೆ ನನಗೆ ಅದು ದೊಡ್ಡದು ಅನ್ನಿಸಲೇ ಇಲ್ಲ. ಮನೆಯಲ್ಲಿ ಮಂಡಾಳೇ ಮಾತಾಡುವಾಗ ಕಲ್ಲು ನುಡಿದರೆ ಏನಾಯಿತು ಅಂದುಕೊಂಡು ಮಾವಿನಕಾಯಿ ತಿನ್ನುತ್ತ ಹಿಂದಿರುಗಿದೆ. ಸೋಜಿಗ ಪಡಲಿಕ್ಕೂ ವಯಸ್ಸಾಗಬೇಕು ನೋಡಿ.

ದೊಡ್ಡವನಾದ ಮೇಲೆ ಸಂಡೂರಿನ ಗಣಿಗಳಿಗೆ ಅದಿರಿನ ಲಾರಿ ಓಡಿಸಿದೆ. ಲೋಡಿಗಾಗಿ ಸಾಲಿನಲ್ಲಿ ನಿಂತರೆ ಹೊತ್ತು ಹುಟ್ಟಿದ್ದು ಮುಳುಗಿದ್ದು ಎರಡೂ ಅಲ್ಲೇ. ಸೀಟಿನ ಕೆಳಗೆ ಸೀಮೆಎಣ್ಣೆಯ ಸ್ಟೋವ್, ಒಂದು ಬಾಣಲೆ, ಒಂದು ಚೀಲ ಮಂಡಾಳು ಇಟ್ಟುಕೊಂಡಿರುತ್ತಿದ್ದೆ. ಲಾರಿಯ ನೆರಳಲ್ಲಿ ಕೂತು ಒಗ್ಗರಣೆಗೆ ಎಣ್ಣೆ ಇಟ್ಟರೆ ಸಾಕು, ಸಾಸಿವೆ ಸಿಡಿಯುವ ಸಪ್ಪಳಕ್ಕೆ ಹಿಂದಿನವರು ಮುಂದಿನವರು ಎಲ್ಲ ಇಳಿದು ಬರುತ್ತಿದ್ದರು. ಅಲ್ಲಿ ಆಕಾಶವೊಂದನ್ನು ಬಿಟ್ಟು ಎಲ್ಲದರ ಮೇಲೂ ಕೆಂಪು ಧೂಳು.

"ಇದ್ರಾಗ ಖಾರಪುಡಿ ಎಷ್ಟು, ಅದಿರು ಎಷ್ಟಪ್ಪಾ?" ಅಂತ ಯಾವನಾದರೂ ಕೇಳುತ್ತಿದ್ದ.

"ಖಾರ ನಾಲಿಗೀಗೆ ಹತ್ತತೈತಿ, ಅದಿರು ಹಲ್ಲಿಗೆ ಹತ್ತತೈತಿ. ನೀನ ಬ್ಯಾರೆ ಮಾಡ್ಕ," ಅನ್ನುತ್ತಿದ್ದೆ.

ಅಷ್ಟು ಅದಿರು ತಿಂದ ಮೈ ಕಬ್ಬಿಣವಾಗಬೇಕಿತ್ತು, ಆಗಲಿಲ್ಲ. ಕಿವಿ ಮಾತ್ರ ಇಂಜಿನ್ನು, ಕ್ರಷರು, ಹಾರ್ನುಗಳ ನಡುವೆ ಎಲ್ಲೋ ಸವೆಯಿತು. ಅದನ್ನು ಕಂಡುಹಿಡಿದವಳು ನನ್ನ ಹೆಂಡತಿ ಈರಮ್ಮ. ಅದೂ ಸಾಸಿವೆಯಿಂದ. ನಮ್ಮ ಮನೆಯಲ್ಲಿ ಒಗ್ಗರಣೆ ಮಂಡಾಳು ನನ್ನ ಪಾಲಿನ ಅಡುಗೆ. ಮಿಕ್ಕ ಯಾವುದಕ್ಕೂ ಆಕೆ ನನ್ನನ್ನು ಒಲೆಯ ಹತ್ತಿರ ಬಿಡುವುದಿಲ್ಲ.

"ಏನ್ರೀ, ಸಾಸಿವಿ ಸಿಡದು, ಸತ್ತು, ಕರ್ರಗಾಗ್ಯಾವ. ನಿಮಗ ಕೇಳ್ಲಿಲ್ಲೇನು?"

"ಕೇಳ್ತು. ಇನ್ನೊಂದೀಟು ಸಿಡೀಲಿ ಅಂತ ಬಿಟ್ಟಿದ್ದೆ."

"ಕೇಳಂಗಿಲ್ಲಂದ್ರ ಕೇಳಂಗಿಲ್ಲ ಅನ್ರಿ. ಡಾಕ್ಟ್ರಿಗೆ ತೋರ್ಸೋಣು."

"ನನಗ ಎಲ್ಲಾ ಕೇಳ್ತೈತಿ, ನೀ ಹೇಳಾದು ಒಂದು ಬಿಟ್ಟು."

ಇದು ನಗುವ ಮಾತು. ನಗಲಾರದ ಮಾತು ಆಮೇಲೆ ಬಂತು.

ನಮ್ಮ ಮನೆ ರೈಲ್ವೆ ಗೇಟಿನ ಹತ್ತಿರ. ಅದಿರಿನ ಗೂಡ್ಸ್ ಗಾಡಿ ಹಾದುಹೋದರೆ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಬಂದ ನೆಂಟರು ಬೆಚ್ಚಿ ಚಹಾ ಚೆಲ್ಲಿಕೊಳ್ಳುತ್ತಾರೆ. ಪಂಪಿ ತೊಟ್ಟಿಲಲ್ಲಿ ಕದಲದೆ ಮಲಗಿರುತ್ತಿದ್ದಳು. ನಾನು ಓಣಿಯವರನ್ನೆಲ್ಲ ಕರೆದು ತೋರಿಸಿದ್ದೇನೆ. "ನೋಡ್ರಿ, ಲಾರಿ ಡ್ರೈವರನ ಮೊಮ್ಮಗಳು! ಗೂಡ್ಸ್ ಗಾಡಿಗೂ ಜಗ್ಗಂಗಿಲ್ಲ!" ಅಂತ ಮೀಸೆ ತಿರುವಿದ್ದೇನೆ. ಸೊಸೆ ಮಂಜುಳಾ ಮಾತ್ರ ನಗುತ್ತಿರಲಿಲ್ಲ. ಒಂದು ದಿನ ಗಾಡಿ ಹೋದ ಮೇಲೆ ಆಕೆ ತೊಟ್ಟಿಲ ಹಿಂದೆ ನಿಂತು ಸ್ಟೀಲಿನ ತಟ್ಟೆ ಕೆಳಗೆ ಬಿಟ್ಟಳು. ಆಮೇಲೆ ಇನ್ನೊಂದು. ನನ್ನ ಮಂದ ಕಿವಿಗೇ ಬಡಿಯಿತು. ಕೂಸು ತನ್ನ ಕಾಲ್ಬೆರಳು ಹಿಡಿದುಕೊಂಡು ಆಡುತ್ತಲೇ ಇತ್ತು.

"ಮಾವ," ಅಂದಳು ಮಂಜುಳಾ, "ಇದು ಧೈರ್ಯ ಅಲ್ರೀ."

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಮಾತು ನಿಂತುಹೋಯಿತು. ಮೂಕ. ಕೂತು ಮಾತಾಡಿ ನಿಲ್ಲಿಸಿದ್ದಲ್ಲ, ತಾನಾಗಿ ನಿಂತಿತು. ಡಬ್ಬಿ ತೆಗೆದಾಗ ಈರಮ್ಮ "ಮೂ" ಅಂತ ಶುರು ಮಾಡಿ, ಗಕ್ಕನೆ ನುಂಗಿ, "ಮೆತ್ತಗಾಗ್ಯಾವ" ಅನ್ನುತ್ತಿದ್ದಳು. ನಾನೂ ಮೆತ್ತಗಾಗಿದೆ ಅನ್ನುತ್ತಿದ್ದೆ. ಕೂಸಿಗೆ ಹೇಗೂ ಕೇಳಿಸುವುದಿಲ್ಲ. ಆದರೂ ಆ ಮಾತು ಮನೆಯೊಳಗೆ ಓಡಾಡಿದರೆ ಎಲ್ಲಿ ಹೋಗಿ ಕೂಸಿನ ಮೇಲೆ ಕೂಡುತ್ತದೋ ಅಂತ ಹೆದರಿಕೆ.

ಕೂಸಿಗೆ ಕಿವಿ ಕೇಳಿಸಲೆಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ತಲೆಯ ಒಳಗೆ ಒಂದು ಭಾಗ ಇಟ್ಟರು, ಹೊರಗೆ ಒಂದು ಭಾಗ. ಕಿವಿಯ ಹಿಂದೆ ಸಿಕ್ಕಿಸುವ ಬಾಗಿದ ಮಿಷನ್ನು, ಅದಕ್ಕೊಂದು ಸಣ್ಣ ವೈರು, ವೈರಿನ ತುದಿಗೆ ಗುಂಡನೆಯ ಬಿಲ್ಲೆ. ಬಿಲ್ಲೆಯಲ್ಲಿ ಅಯಸ್ಕಾಂತ. ತಲೆಯ ಹತ್ತಿರ ತಂದರೆ ತಾನೇ ಹೋಗಿ ಕೂದಲ ಮೇಲೆ ಟಪ್ಪನೆ ಕೂಡುತ್ತದೆ. ಜೀವಮಾನವೆಲ್ಲ ಕಬ್ಬಿಣದ ಅದಿರು ಹೊತ್ತವನ ಮೊಮ್ಮಗಳ ತಲೆಯಲ್ಲಿ ಅಯಸ್ಕಾಂತ! ಒಮ್ಮೆ ಆಡುತ್ತ ಕಿಟಕಿಗೆ ಒರಗಿದಾಗ ಬಿಲ್ಲೆ ತಲೆ ಬಿಟ್ಟು ಕಿಟಕಿಯ ಸರಳು ಹಿಡಿದುಕೊಂಡಿತು. ಎಳೆ ಕರುವನ್ನು ಗೂಟಕ್ಕೆ ಕಟ್ಟಿದ ಹಾಗೆ ಪಂಪಿ ಅಲ್ಲೇ ನಿಂತು ನಗುತ್ತಿದ್ದಳು.

ಆದರೆ ಮಿಷನ್ನು ಹಾಕಿದ ಕೂಡಲೇ ಏನೂ ಆಗಲಿಲ್ಲ. ಮಾತು ಕಲಿಸುವ ಟೀಚರಮ್ಮ ಮೊದಲೇ ಹೇಳಿದ್ದರು. "ಸಪ್ಪಳ ಒಳಗ ಹೋಗತೈತ್ರಿ. 'ಇದು ಸಪ್ಪಳ' ಅಂತ ಆಕಿಗೆ ಗೊತ್ತಾಗಬೇಕಲ್ಲ, ಅದಕ್ಕ ಟೈಮ್ ಬೇಕು. ಮನ್ಯಾಗಿನ ಸಪ್ಪಳ ತೋರಸ್ರಿ, ಕಾಯ್ರಿ." ನಾವು ತೋರಿಸಿದೆವು. ದೇವರ ಗಂಟೆ, ತಟ್ಟೆ, ಕುಕ್ಕರಿನ ಸೀಟಿ, ಗೂಡ್ಸ್ ಗಾಡಿ. ಪಂಪಿ ನಮ್ಮ ಮುಖ ನೋಡುತ್ತಿದ್ದಳು, ಈ ಮುದುಕ ತಟ್ಟೆ ಹಿಡಿದು ಯಾಕೆ ಕುಣಿಯುತ್ತಾನೆ ಅನ್ನುವ ಹಾಗೆ. ವಾರಗಳು ಹೋದವು. ಮಂಜುಳಾ ನಮ್ಮೆದುರು ಅಳುವವಳಲ್ಲ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಕೂಸಿನ ಬೆನ್ನ ಹಿಂದೆ ನಿಂತು, ಒಂದು ಸಲ, ಒಂದೇ ಸಲ, "ಪಂಪಿ" ಅನ್ನುತ್ತಿದ್ದಳು. ಕೂಸು ತಿರುಗುತ್ತಿರಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡು ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಈರಮ್ಮನ ಬೈಗುಳ ಕೇಳಿಸದ ನನ್ನ ಕಿವಿಗೆ ಆ ಒಂದು ಸಲದ 'ಪಂಪಿ' ಮಾತ್ರ ಹೇಗೆ ಕೇಳಿಸುತ್ತಿತ್ತೋ.

ಅಂಥ ದಿನಗಳಲ್ಲೇ ಒಮ್ಮೆ ಮಂಡಾಳು ಮಾಡಲು ಕೂತೆ.

ಮೊದಲು ಜರಡಿ ಹಿಡಿಯಬೇಕು, ಭಟ್ಟಿಯ ಉಸುಕು ಉಳಿದಿರುತ್ತದೆ. ಭಟ್ಟಿಯಲ್ಲಿ ಮಂಡಾಳು ಮಾಡುವುದನ್ನು ನೀವು ನೋಡಿದ್ದೀರಾ? ಕಾದ ಉಸುಕಿಗೆ ಅಕ್ಕಿ ಬೀಳುತ್ತದೆ, ರೆಪ್ಪೆ ಬಡಿಯುವುದರೊಳಗೆ ಹೂವಾಗುತ್ತದೆ. ಹಲ್ಲು ಮುರಿಯುವಂಥ ಕಾಳಿನೊಳಗೆ ಅಷ್ಟು ಗಾಳಿ ಎಲ್ಲಿತ್ತು? ಎಷ್ಟು ಸಲ ನೋಡಿದರೂ ನನಗೆ ತಿಳಿದಿಲ್ಲ. ಇರಲಿ. ಜರಡಿ ಹಿಡಿದು, ಮಾಳಿಗೆಯ ಬಿಸಿಲಿಗೆ ಹಾಕಿ, ತಂದು ಪಡಸಾಲೆಯಲ್ಲಿ ಹರವಿದೆ. ಪಂಪಿ ಎದುರು ಬಂದು ಕೂತಳು. ನಾನು ಅವ್ವನ ಹಾಗೆ ತುಟಿಯ ಮೇಲೆ ಬೆರಳಿಟ್ಟು "ಶ್!" ಅಂದೆ. ಯಾರಿಗೆ ಅಂದೆನೋ, ಅಲ್ಲಿ ಸದ್ದು ಮಾಡುವವರು ಯಾರೂ ಇರಲಿಲ್ಲ. ಒಂದು ಹಿಡಿ ಕಿವಿಗೆ ತಂದು ಅಮುಕಿದೆ. ಕರಕರ ಅಂದಿತು.

ಪಂಪಿ ನೋಡಿದಳು. ತಾನೂ ತುಟಿಯ ಮೇಲೆ ಬೆರಳಿಟ್ಟಳು. ಒಂದು ಹಿಡಿ ತೆಗೆದುಕೊಂಡಳು. ಆದರೆ ಕಿವಿಗೆ ಹಿಡಿಯಲಿಲ್ಲ. ಕಿವಿಯ ಮೇಲೆ, ಹಿಂದೆ, ಎಲ್ಲೋ ತಲೆಯ ಮಗ್ಗುಲಿಗೆ ಹಿಡಿದಳು.

"ಅಲ್ಲಲ್ಲವ್ವ, ಕಿವಿ ಇಲ್ಲೈತಿ," ಅಂತ ಕೈ ಹಿಡಿದು ಕಿವಿಯ ತೂತಿನ ಎದುರಿಗೆ ತಂದೆ. ಆಕೆ ಕೊಸರಿಕೊಂಡು ಮತ್ತೆ ಅಲ್ಲೇ ಹಿಡಿದಳು. ಮತ್ತೆ ತಿದ್ದಿದೆ. ಈ ಸಲ ನನ್ನ ಕೈಗೊಂದು ಏಟು ಕೊಟ್ಟು, ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿ, ಮಿಷನ್ನಿನ ಪಕ್ಕಕ್ಕೇ ಹಿಡಿದು ಮುಷ್ಟಿ ಬಿಗಿದಳು.

ಕೂಸು ಕೂತ ಹಾಗೇ ಕದಲದೆ ಉಳಿಯಿತು. ಕಣ್ಣು ದೊಡ್ಡವಾದವು. ಮೆಲ್ಲಗೆ ಕೈ ಇಳಿಸಿ, ಮುಷ್ಟಿ ಬಿಚ್ಚಿ, ಪುಡಿಯಾದ ಮಂಡಾಳನ್ನು ನೋಡಿದಳು. ಒಳಗೆ ಯಾರಿದ್ದಾರೆ ಅಂತ ಹುಡುಕಿದಳು. ಇನ್ನೊಂದು ಹಿಡಿ. ಮತ್ತೆ ಅದೇ ಕಣ್ಣು. ಮೂರನೆಯ ಹಿಡಿಯನ್ನು ನನಗೆ ಕೇಳಿಸಲು ತಂದಳು. ಮೊದಲು ನನ್ನ ಕಿವಿಯ ಹಿಂದೆ ಬೆರಳಾಡಿಸಿ ಮಿಷನ್ನು ಹುಡುಕಿದಳು. ಈ ಕಡೆ ಇಲ್ಲ. ಆ ಕಡೆಯೂ ಇಲ್ಲ. ಪಾಪ, ಈ ಮುದುಕನಿಗೆ ಕಿವಿಯೇ ಇಲ್ಲ ಅನ್ನುವ ಹಾಗೆ ನನ್ನ ಕೆನ್ನೆ ಸವರಿದಳು!

ಆಕೆಯ ಮಿಷನ್ನಿಗೆ ಸಪ್ಪಳ ಹೋಗುವ ತೂತು ಇರುವುದೇ ಅಲ್ಲಿ ಅಂತ ಮಗ ಕೆಲಸದಿಂದ ಬಂದ ಮೇಲೆ ತಿಳಿಸಿ ಹೇಳಿದ. ತನ್ನ ಕಿವಿ ಎಲ್ಲಿದೆ ಅಂತ ಆಕೆಗೆ ಗೊತ್ತಿತ್ತು. ಕಿವಿ ತೋರಿಸಲು ಹೋದ ನಾನೇ ತಪ್ಪು ಜಾಗ ತೋರಿಸಿದ್ದೆ.

ನಾನು ಕೂಗಿದ ಕೂಗಿಗೆ ಈರಮ್ಮ, ಮಂಜುಳಾ ಇಬ್ಬರೂ ಓಡಿ ಬಂದರು. ಅಷ್ಟರಲ್ಲಿ ಅರ್ಧ ಮಂಡಾಳು ಪುಡಿಯಾಗಿತ್ತು. ಒಂದು ಕಾಳು ಚೆಲ್ಲಿದರೆ ಮನೆತನವೇ ಮುಳುಗಿದ ಹಾಗೆ ಬೈಯುವ ಈರಮ್ಮ, "ಮಾಡ್ಲಿ ಬಿಡ್ರಿ, ಪುಡಿ ಮಾಡ್ಲಿ. ಇನ್ನೊಂದು ಚೀಲ ತರ್ಸೋಣು," ಅಂದಳು. ಮಂಜುಳಾ ಕೂಸಿನ ಬೆನ್ನ ಹಿಂದೆ ಮೊಣಕಾಲೂರಿ "ಪಂಪಿ" ಅಂದಳು. ಪಂಪಿ ತಿರುಗಲಿಲ್ಲ, ಆಕೆಗೆ ಪುರುಸೊತ್ತಿಲ್ಲ. ಮಂಜುಳಾ ತಾನೂ ಒಂದು ಹಿಡಿ ಎತ್ತಿಕೊಂಡು, ಹಿಂದೆಯೇ ಅಮುಕಿದಳು.

ಕೂಸು ಗರ್ರನೆ ತಿರುಗಿತು.

ಹೆಸರಿಗೆ ತಿರುಗದ್ದು ಮಂಡಾಳಿಗೆ ತಿರುಗಿತು. ಮಂಜುಳಾ ಮತ್ತೆ ಮತ್ತೆ ಅಮುಕಿದಳು, ಎಡಗಡೆ, ಬಲಗಡೆ. ಕೂಸು ಮತ್ತೆ ಮತ್ತೆ ತಿರುಗಿತು. ಆ ದಿನ ನಮ್ಮ ಮನೆಯಲ್ಲಿ ಒಗ್ಗರಣೆಗೆ ಮಂಡಾಳೇ ಉಳಿಯಲಿಲ್ಲ. ಹುರಿದ ಶೇಂಗಾ ಒಂದನ್ನೇ ತಿಂದೆವು. ಅಂಥ ರುಚಿಯ ಶೇಂಗಾ ನಾನು ಆಮೇಲೆ ತಿಂದಿಲ್ಲ.

ಮಂಡಾಳಿನ ಹಿಂದೆ ಒಂದೊಂದಾಗಿ ಎಲ್ಲ ಬಂದವು: ಗಂಟೆ, ಕುಕ್ಕರು, ಗಾಡಿ, ಕೊನೆಗೊಂದು ಸಂಜೆ ಮಂಜುಳಾಳ 'ಪಂಪಿ'. ಆಮೇಲೆ ಕಲಿಸಿದ ಮಾತುಗಳು. ತೋರಿಸಿ, ಹೇಳಿ, ಹೇಳಿಸಿ, ಮತ್ತೆ ಹೇಳಿಸಿ: ಅಮ್ಮ, ತಾತ, ಬಾ, ಹಾಲು. ಈಗ ನಾನು ಒಗ್ಗರಣೆಗೆ ನಿಂತರೆ ಪಂಪಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂಡುತ್ತಾಳೆ. ಒಲೆಯಿಂದ ದೂರ, ಆದರೆ ಕಿವಿ ಒಲೆಯ ಮೇಲೆ. ಮೊದಲ ಸಲ ಹಾಗೆ ಕೂತಾಗ ನಾನು ಎಣ್ಣೆಗೆ ಸಾಸಿವೆ ಹಾಕಿ, ಕರಿಬೇವು ಒರೆಸಿದ್ದೀಯೋ ಇಲ್ಲವೋ ಅಂತ ಈರಮ್ಮನ ಜೊತೆ ಜಗಳಕ್ಕೆ ನಿಂತಿದ್ದೆ.

"ತಾತ! ಚಟ!"

"ಇರವ್ವ, ಬಂದೆ."

"ಚಟ! ಚಟ! ಚಟ!"

ತಿರುಗಿ ನೋಡಿದರೆ ಬಾಣಲೆಯಲ್ಲಿ ಸಾಸಿವೆ ಕುಣಿಯುತ್ತಿದೆ. ನನಗೆ ಒಂದೂ ಕೇಳಿಸಿರಲಿಲ್ಲ! ಈರಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. "ಕೂಸಿಗೆ ಕೇಳ್ತು, ಮುದುಕಗ ಕೇಳ್ಲಿಲ್ಲ! ಇನ್ನಾರ ಒಪ್ಕೊಳ್ರಿ." ಒಪ್ಪಿಕೊಂಡೆ. ಅವತ್ತು ಅಷ್ಟು ಸಂತೋಷದಿಂದ ಕಿವುಡನಾದೆ. ಈಗ ನಮ್ಮ ಮನೆಯ ಸಾಸಿವೆ ಕರ್ರಗಾಗುವುದಿಲ್ಲ. ಪಂಪಿ "ಚಟ" ಅಂದ ಕೂಡಲೇ ಜೀರಿಗೆ, ಜಜ್ಜಿದ ಬಳ್ಳುಳ್ಳಿ, ಸೀಳಿದ ಮೆಣಸಿನಕಾಯಿ, ಕರಿಬೇವು. ಕರಿಬೇವಿನ ಚರ್ರ್ ಸದ್ದಿಗೆ ಆಕೆ ಹೆಗಲು ಕುಣಿಸುತ್ತಾಳೆ. ಆಮೇಲೆ ಶೇಂಗಾ, ಪುಟಾಣಿ (ನಿಮ್ಮ ಹುರಿಗಡಲೆ), ಒಣಕೊಬ್ಬರಿಯ ಚೂರು. ಉರಿ ಆರಿಸಿ ಅರಿಷಿಣ, ಖಾರದ ಪುಡಿ, ನುಣ್ಣಗೆ ಕುಟ್ಟಿದ ಉಪ್ಪು, ಚಿಟಿಕೆ ಸಕ್ಕರೆ. ಕೊನೆಗೆ ಮಂಡಾಳು ಸುರಿದು ಎರಡೂ ಕೈಯಿಂದ ಮೇಲೆ ಕೆಳಗೆ. ಆಗ ಪಂಪಿ ಹೊಸ್ತಿಲಿಂದ ಎದ್ದು ಬಂದು ಅಧಿಕಾರಿಯ ಹಾಗೆ ಒಂದು ಹಿಡಿ ಮಿಷನ್ನಿಗೆ ಹಿಡಿದು, ತಲೆಯಾಡಿಸಿ, ಡಬ್ಬಿಗೆ ಅಪ್ಪಣೆ ಕೊಡುತ್ತಾಳೆ.

ಹೋದ ಮಳೆಗಾಲದಲ್ಲಿ ಒಂದು ಎಡವಟ್ಟು ಮಾಡಿದೆ. ಜಿಟಿಜಿಟಿ ಮಳೆ, ಡಬ್ಬಿಯ ಮುಚ್ಚಳ ನಾನೇ ಸಡಿಲ ಬಿಟ್ಟಿದ್ದೆ. ಬಾಯಿಗೆ ಹಾಕಿಕೊಂಡರೆ ಹತ್ತಿಯ ಹಾಗೆ. "ಥೂ, ಎಲ್ಲಾ ಮೂಕಾಗ್ಯಾವ ನೋಡು!" ಅಂದುಬಿಟ್ಟೆ. ಈರಮ್ಮ ಕಣ್ಣು ಕೆಕ್ಕರಿಸಿದಳು. ಮಂಜುಳಾ ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಪಂಪಿ ಮೂಲೆಯಲ್ಲಿ ನಮಗೆ ಬೆನ್ನು ಹಾಕಿ ಶೇಂಗಾ ಸಿಪ್ಪೆಯ ಗಾಡಿ ಬಿಡುತ್ತಿದ್ದಳು. ನಾನು ಡಬ್ಬಿ ಎತ್ತಿಕೊಂಡು ಮಾಳಿಗೆ ಹತ್ತಿದೆ, ಬಿಸಿಲಿಲ್ಲದಿದ್ದರೂ.

ಇನ್ನೊಂದು ಮಾತು ಹೇಳಬೇಕು. ಮಂಜುಳಾ ಒಂದಕ್ಕೆ ಕಾಯುತ್ತಿದ್ದಾಳೆ. ಟೀಚರಮ್ಮ ಆಕೆಗೆ ಹೇಳಿದ್ದಾರೆ: "ಕಲಿಸಿದ ಮಾತು ಹೇಳಾದು ಒಂದು ಮೆಟ್ಲ. ಯಾರೂ ಕಲಿಸದ ಮಾತು, ನೀವು ನೀವು ಮಾತಾಡೋವಾಗ ತಾನಾಗೇ ಕೇಳಿಸ್ಕಂಡು, ಅದರ ಅರ್ಥಕ್ಕ ಸರಿಯಾಗಿ ತಾನಾಗೇ ಹೇಳಿದ್ಲಂದ್ರ, ಆಮ್ಯಾಲೆ ಆಕಿ ಓಡ್ತಾಳ. ಆ ದಿನ ನನಗ ಫೋನ್ ಮಾಡ್ರಿ." ಅಂದಿನಿಂದ ಮಂಜುಳಾ ಕೂಸು ಬಾಯಿ ತೆರೆದಾಗಲೆಲ್ಲ ಕೈಯಲ್ಲಿನ ಕೆಲಸ ಬಿಡುತ್ತಾಳೆ. ಬರುವುದೆಲ್ಲ ಕಲಿಸಿದ್ದೇ. ತಾತ, ಬಾ, ಹಾಲು. ಕಲಿಸದೆ ಬಂದ 'ಚಟ' ಲೆಕ್ಕಕ್ಕಿಲ್ಲವಂತೆ, ಅದು ಸಾಸಿವೆಯ ಮಾತು, ಮನುಷ್ಯರ ಮಾತಲ್ಲ. ಆ ಫೋನ್ ಇನ್ನೂ ಹೋಗಿಲ್ಲ.

ಇಲ್ಲಿಗೆ ಬರೆಯುವಾಗ ತೀರ್ಪಿನವರು ಎದ್ದು ಬಂದರು, ಪೆನ್ನು ಇಟ್ಟೆ. ಈಗ ಮಧ್ಯಾಹ್ನ ಮತ್ತೆ ಹಿಡಿದಿದ್ದೇನೆ. ಅಕ್ಷರ ಇನ್ನಷ್ಟು ಹೆಚ್ಚುಕಡಿಮೆಯಾಗಬಹುದು.

ಮಂಜುಳಾ ಕೂಸಿನ ತಲೆ ಬಾಚಿ ಮಿಷನ್ನು ಸಿಕ್ಕಿಸಿ ನನ್ನ ಕಡೆ ಬಿಟ್ಟಳು. ನಾನು ತೊಡೆಯ ಮೇಲೆ ಕೂಡಿಸಿಕೊಂಡು ಬಟ್ಟಲು ಮುಂದೆ ಹಿಡಿದೆ. ಪಂಪಿ ಒಂದೇ ಕಾಳನ್ನು ಕಂಡು ನನ್ನ ಮುಖ ನೋಡಿದಳು, ಇಷ್ಟೇನಾ ಅನ್ನುವ ಹಾಗೆ. ಆಮೇಲೆ ಬೆರಳಲ್ಲಿ ಎತ್ತಿಕೊಂಡು, ಮಿಷನ್ನಿನ ಪಕ್ಕ ಹಿಡಿದು, ಕಣ್ಣು ಮುಚ್ಚಿ ಅಮುಕಿದಳು. ಇನ್ನೊಮ್ಮೆ ಅಮುಕಿದಳು. ಕಣ್ಣು ತೆರೆದು ತಲೆ ಅಲ್ಲಾಡಿಸಿದಳು.

"ಮೂಕ," ಅಂದಳು.

ಮಜ್ಜಿಗೆ ಕಡೆಯುತ್ತಿದ್ದ ಈರಮ್ಮನ ಕೈ ನಿಂತಿತು. ಬಾಚಣಿಗೆ ಹಿಡಿದ ಮಂಜುಳಾ ನಿಂತ ಕಡೆಯೇ ನಿಂತಳು. ನಾನು ನೆಲ ನೋಡಿದೆ. ಇಷ್ಟು ವರ್ಷ ಮುಚ್ಚಿಟ್ಟ ಮಾತು, ಎಲ್ಲಿ ಬರಬಾರದು ಅಂತ ಹೆದರಿದ್ದೆವೋ ಅದೇ ಬಾಯಿಂದ ಬಂದಿತ್ತು.

"ಏನಂದಿ?" ಅಂದಳು ಮಂಜುಳಾ.

ಪಂಪಿ ಕಾಳನ್ನು ಅಂಗೈಯಲ್ಲಿಟ್ಟು ತೋರಿಸಿದಳು. "ಅಮ್ಮ, ಮೂಕ."

"ಮಾವ, ನೀವು ಕಲಿಸಿದ್ರೇನು?"

"ಇಲ್ಲಮ್ಮ, ದೇವ್ರಾಣಿ ಇಲ್ಲ. ಅವತ್ತು ಮಳಿಯಾಗ ಒಂದ್ಸಲ ಬಾಯಿ ತಪ್ಪಿ..."

"ಅತ್ತಿ, ನೀವು?"

"ನಾನ್ಯಾಕ ಕಲಿಸ್ಲಿ ಆ ಸುಡುಗಾಡು ಮಾತು!"

"ಅಂದ್ರ ಯಾರೂ ಕಲಿಸಿಲ್ಲ," ಅಂದಳು ಮಂಜುಳಾ. ಆಮೇಲೆ ಅದನ್ನೇ ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ಯಾರೂ ಕಲಿಸಿಲ್ಲ." ಹಾಗೇ ಗೋಡೆಗೆ ಒರಗಿ ಕೂತಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು. ಎರಡೂ ಇರಬೇಕು. ಫೋನ್ ಹುಡುಕಿದಳು, ಕಿವಿಗೆ ಹಿಡಿದಾಗ ಬಾಚಣಿಗೆ ಇನ್ನೂ ಕೈಯಲ್ಲೇ ಇತ್ತು.

"ಟೀಚರ್, ಹೇಳಿದ್ಲ್ರೀ! ತಾನಾಗೇ ಹೇಳಿದ್ಲು! ಯಾವ ಮಾತಾ?" ಆಕೆಯ ನಗೆ ಉಕ್ಕಿ ಬಂತು. "ಅಯ್ಯೋ, ಅದನ್ನ ಹೆಂಗ ಹೇಳ್ಲ್ರೀ ನಿಮಗ!"

ಈ ಗದ್ದಲ ಯಾಕೆ ಅಂತ ಪಂಪಿಗೆ ತಿಳಿಯಲಿಲ್ಲ, ತಿಳಿಯುವ ಆಸೆಯೂ ಇರಲಿಲ್ಲ. ಆಕೆಗೆ ಕೆಲಸವಿತ್ತು. ನನ್ನ ತೊಡೆಯಿಂದ ಜಾರಿ, ಅಂಗೈಯನ್ನು ಮಟ್ಟಸವಾಗಿ ಹಿಡಿದುಕೊಂಡು ಬಾಗಿಲಿಗೆ ನಡೆದಳು. ಮೆಟ್ಟಿಲ ಮೇಲೆ ಆಗಷ್ಟೇ ಬಿಸಿಲು ಬಂದಿತ್ತು. ಆ ಬಿಸಿಲಿನ ನಟ್ಟನಡುವೆ ಮಂಡಾಳು ಇಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ನಾನೂ ಹೋಗಿ ಕೂತೆ. ಸ್ವಲ್ಪ ಹೊತ್ತಿಗೊಮ್ಮೆ ಬಗ್ಗಿ ತಲೆಯ ಮಗ್ಗುಲನ್ನು ಅದರ ಹತ್ತಿರ ತರುತ್ತಿದ್ದಳು.

ಅಷ್ಟರಲ್ಲಿ ಗೇಟಿನ ಕಡೆಯಿಂದ ಅದಿರಿನ ಗೂಡ್ಸ್ ಗಾಡಿ ಬಂತು. ಗೂಡಿನ ಲೋಟಗಳು ಬಡಿದುಕೊಂಡವು, ಮೆಟ್ಟಿಲು ನಡುಗಿತು, ಮಂಡಾಳು ಕೂತಲ್ಲೇ ಅಲುಗಿತು. ಪಂಪಿ ಎದ್ದು ನಿಂತು, ಆ ಉದ್ದಾನುದ್ದ ಗಾಡಿಯನ್ನು ಸಿಟ್ಟಿನಿಂದ ನೋಡಿ, ತುಟಿಯ ಮೇಲೆ ಬೆರಳಿಟ್ಟಳು.

"ಶ್!"